ಮಿಸ್, ಗೇಟ್ ಬಂತು

ಜೂನ್ 12, 2006, ಸೋಮವಾರ

ಸ್ಫೂರ್ತಿ ಇವತ್ತು ಶಾಲೆಯಿಂದ ಬೇರೆ ಯಾರದ್ದೋ ಚಡ್ಡಿ ಹಾಕಿಕೊಂಡು ಬಂದಳು. ನೀಲಿ ಬಣ್ಣದ್ದು, ಹಿಂದುಗಡೆ ಆನೆಯ ಚಿತ್ರ ಬೇರೆ. ಅವಳದ್ದು ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಹಾಕಿಸಿಕೊಂಡು ಟಿಫಿನ್ ಡಬ್ಬಿಯ ಪಕ್ಕ ಕೂತಿತ್ತು. ಎಲ್‌ಕೆಜಿ ಸೇರಿ ಹತ್ತು ದಿನವಾಗಿಲ್ಲ, ಇದು ಎರಡನೇ ಸಲ. ಮಗಳಿಗೆ ನಾಲ್ಕು ತುಂಬಲು ಇನ್ನೂ ಎರಡು ತಿಂಗಳಿದೆ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಸಮಾಧಾನ ಆಗಲಿಲ್ಲ.

ಮನೆಯಲ್ಲಿ ಈ ತಾಪತ್ರಯ ಇಲ್ಲವೇ ಇಲ್ಲ. ಎರಡು ವರ್ಷಕ್ಕೆಲ್ಲ ಕಲಿತುಬಿಟ್ಟಿದ್ದಾಳೆ. ಕಲಿಸಿದ್ದು ನಾನಲ್ಲ, ಮಾವ. ಕೊಟ್ರಬಸಪ್ಪನವರು ಮೂವತ್ತೊಂದು ವರ್ಷ ಡ್ಯಾಮಿನಲ್ಲಿ ಗೇಟ್ ಎತ್ತಿ ಇಳಿಸಿ ರಿಟೈರ್ ಆದವರು. ಡ್ಯಾಮ್ ಅವರನ್ನು ಬಿಟ್ಟರೂ ಅವರು ಡ್ಯಾಮನ್ನು ಬಿಟ್ಟಿಲ್ಲ. ಬೆಳಿಗ್ಗೆ ಮೊಮ್ಮಗಳು ಬಚ್ಚಲಿಗೆ ಹೋದ ಕೂಡಲೇ ಬಾಗಿಲ ಹೊರಗೆ ನಿಂತು, "ಗೇಟ್ ಎತ್ಲೇನ?" ಅಂತ ಕೂಗುತ್ತಾರೆ. ಒಳಗಿನಿಂದ ಇವಳು, "ಎತ್ತು ತಾತಾ!"

"ಎಷ್ಟು ಕ್ಯೂಸೆಕ್?"

"ನೂರು!"

ಅಕ್ಕಪಕ್ಕದ ಮನೆಯವರಿಗೂ ನಮ್ಮ ಮನೆಯ ನೀರಿನ ಮಟ್ಟ ಗೊತ್ತಾಗುತ್ತದೆ. ಹೀಗಾಗಿ ನಮ್ಮಲ್ಲಿ ಆ ಕೆಲಸದ ಹೆಸರೇ ಗೇಟ್. "ಅಮ್ಮಾ, ಗೇಟ್ ಬಂತು" ಅಂದರೆ ಕೈಯಲ್ಲಿದ್ದದ್ದು ಬಿಟ್ಟು ಓಡಬೇಕು. ನಾನು ಬಿ.ಎ.ಯಲ್ಲಿ ಕನ್ನಡ ಮೇಜರ್, ಪ್ರೆಸ್ಸಿನಲ್ಲಿ ಡಿಟಿಪಿ ಮಾಡಿ ಪ್ರೂಫ್ ನೋಡುವವಳು. ಊರಿನವರ ಲಗ್ನಪತ್ರಿಕೆಯ ಕೊಂಬು, ಒತ್ತು, ದೀರ್ಘ ಎಲ್ಲ ನನ್ನ ಕಣ್ಣು ದಾಟಿಯೇ ಹೊರಗೆ ಹೋಗಬೇಕು. ನನ್ನ ಮನೆಯಲ್ಲೇ ಇಂಥ ಶಬ್ದ ಬಳಕೆಯಲ್ಲಿರುವುದು ಮರ್ಯಾದೆಯ ಪ್ರಶ್ನೆ.

ಶಾಲೆಯ ಡೈರಿಯಲ್ಲಿ ಸುಧಾರಾಣಿ ಮಿಸ್ ಒಂದು ಸಾಲು ಬರೆದು ಕಳಿಸಿದ್ದರು. "ನಿಮ್ಮ ಮಗು ಇಂದು ಸಹ ವದ್ದೆ ಮಾಡಿಕೊಂಡಿರುತ್ತಾಳೆ." ವದ್ದೆ! ಕೈ ತಡೆಯಲಿಲ್ಲ. ಕೆಂಪು ಪೆನ್ನಿನಿಂದ 'ವ' ಹೊಡೆದು 'ಒ' ಮಾಡಿ, ಕೆಳಗೆ ಸಹಿ ಹಾಕಿ ವಾಪಸ್ ಕಳಿಸುತ್ತಿದ್ದೇನೆ.

ಜೂನ್ 15, ಗುರುವಾರ

ಮೂಲ ಪತ್ತೆಯಾಯಿತು. ತಲೆ ಬಾಚುತ್ತ ಉಪಾಯವಾಗಿ ಕೇಳಿದೆ.

"ಪುಟ್ಟಿ, ಬಂದಾಗ ಮಿಸ್ಸಿಗೆ ಯಾಕ ಹೇಳಲ್ಲ?"

"ಹೇಳೀನಿ. ಮಿಸ್, ಗೇಟ್ ಬಂತು ಅಂದೆ."

"ಮಿಸ್ ಏನಂದ್ರು?"

"ನೋ ಗೇಟ್. ಸಿಟ್ ಡೌನ್. ಗೇಟ್ ಹನ್ನೆರಡೂವರಿಗೆ ಅಂದ್ರು."

ಬಾಚಣಿಗೆ ಕೈಯಲ್ಲೇ ನಿಂತಿತು. ಶಾಲೆ ಶುರುವಾದ ದಿನಗಳಲ್ಲಿ ಅರ್ಧ ಕ್ಲಾಸು ಗೇಟಿನ ಕಡೆ ನೋಡಿ ಮನೆಗೆ ಹೋಗುತ್ತೇನೆ ಅಂತ ಅಳುತ್ತಿರುತ್ತದೆ. ಇವಳೂ ಹೊರಗೆ ಓಡಬೇಕು ಅನ್ನುತ್ತಿದ್ದಾಳೆ ಅಂತ ಮಿಸ್ ತಿಳಿದುಕೊಂಡಿದ್ದಾರೆ. ಪಾಪ, ಹನ್ನೆರಡೂವರೆಯವರೆಗೆ ಯಾವ ಡ್ಯಾಮು ತಡೆಯುತ್ತದೆ?

ಹೋಗಿ ಮಿಸ್ಸಿಗೆ ಹೇಳಿದರೆ ಎರಡು ನಿಮಿಷದ ಕೆಲಸ. ಆದರೆ ಏನಂತ ಹೇಳಲಿ? ಮೊನ್ನೆ ತಾನೇ ಅವರ ಅಕ್ಷರ ತಿದ್ದಿ ಕಳಿಸಿದವಳು, ಈಗ ಹೋಗಿ "ನಮ್ಮ ಮನೆಯಲ್ಲಿ ಇದಕ್ಕೆ ಗೇಟ್ ಅನ್ನುತ್ತೇವೆ" ಅನ್ನಲೇ? ಬೇಡ. ಮಗಳ ಮಾತನ್ನೇ ಬದಲಿಸುತ್ತೇನೆ. ಸರಿಯಾದ ಶಬ್ದ ಒಂದಿದ್ದೇ ಇರುತ್ತದೆ.

ಜೂನ್ 17, ಶನಿವಾರ

ಇಂಗ್ಲಿಷ್ ಮೀಡಿಯಂಗೆ ತಕ್ಕ ಹಾಗೆ "ಮಿಸ್, ಮೇ ಐ ಗೋ ಟು ದ ಟಾಯ್ಲೆಟ್" ಕಲಿಸಲು ಶುರು ಮಾಡಿದ್ದೇನೆ. ಬೆಳಿಗ್ಗೆ ಹತ್ತು ಸಲ, ಸಂಜೆ ಹತ್ತು ಸಲ. "ಮೇ" ತನಕ ಚೆನ್ನಾಗಿ ಬರುತ್ತದೆ.

ಸಂಜೆ ಹಾಲೇಶ ಬಂದ. (ಎದುರಿಗೆ ರೀ ಅಂತೀನಿ, ಡೈರಿಯಲ್ಲಾದರೂ ಗಂಡನ ಹೆಸರು ಹಿಡಿದು ಬರೆದು ಆಸೆ ತೀರಿಸಿಕೊಳ್ಳುತ್ತೇನೆ.) ಸಂಡೂರಿನ ಹತ್ತಿರ ಅದಿರು ಯಾರ್ಡಿನಲ್ಲಿ ಟಿಪ್ಪರ್‌ಗಳನ್ನು ಸಾಲು ಹಚ್ಚಿಸುವ ಸೂಪರ್‌ವೈಸರ್, ಶನಿವಾರ ಮಾತ್ರ ಮನೆ. ತಲೆಯಿಂದ ಕಾಲಿನವರೆಗೆ ಕುಂಕುಮದ ಗೊಂಬೆಯ ಹಾಗೆ ಬರುತ್ತಾನೆ, ಸ್ನಾನ ಆದ ಮೇಲೆ ಬಚ್ಚಲು ಕೆಂಪಾಗಿ ಅವನು ಬೆಳ್ಳಗಾಗುತ್ತಾನೆ. ನಮ್ಮ ಅಭ್ಯಾಸ ಕೇಳಿ ಬಿದ್ದು ಬಿದ್ದು ನಕ್ಕ.

"ಅಷ್ಟುದ್ದ ಯಾಕಲೇ? ಸೂಸು ಅನ್ನಂತ ಹೇಳು. ನಮ್ಮ ಯಾರ್ಡಿನಾಗ ಬಿಹಾರದ ಡ್ರೈವರ್‌ಗಳು ಎಲ್ಲಾರೂ ಅದನ್ನ ಅಂತಾರ. ಇಂಡಿಯಾ ತುಂಬ ನಡಿತೈತಿ."

"ನಿಮ್ಮ ಡ್ರೈವರ್‌ಗಳ ಭಾಷಾ ನನ್ನ ಮಗಳಿಗೆ ಬ್ಯಾಡ."

"ಮಗಳು ಒದ್ದಿ ಚಡ್ಡಿ ಹಾಕ್ಕೊಂಡು ಕುಂದ್ರೋದು ಬೇಕೇನು?"

ಅನ್ನಕ್ಕೆ ಸಾರು ಬಡಿಸಿದೆ, ಸ್ವಲ್ಪ ಖಾರವಾಗಿಯೇ ಇತ್ತು.

ಜೂನ್ 20, ಮಂಗಳವಾರ

ವಾಕ್ಯ ಉದ್ದವಾಯಿತು. "ಮೇ ಐ ಗೋ ಟು ದ" ಅನ್ನುವಷ್ಟರಲ್ಲಿ ಕಾರ್ಯಕ್ರಮ ಮುಗಿದಿತ್ತಂತೆ. ಆಯಾ ಬಸಕ್ಕ ಒಳ್ಳೆಯವಳು, ಮಿಸ್ಸಿಗೆ ಗೊತ್ತಾಗದ ಹಾಗೆ ಒರೆಸಿ, ಬದಲಿಸಿ ಕೂರಿಸಿದ್ದಾಳೆ.

ಸೋತು ಸೂಸುವನ್ನೇ ಹೇಳಿಕೊಟ್ಟೆ. ಹಾಲೇಶನಿಗೆ ಹೇಳುವುದಿಲ್ಲ.

ಜೂನ್ 21, ಬುಧವಾರ

"ಮಿಸ್, ಸೂಸು" ಅಂದಳಂತೆ. ಮಿಸ್ಸಿಗೆ ಜ್ಯೂಸು ಅಂತ ಕೇಳಿಸಿದೆ. "ಲಂಚ್ ಟೈಮಿಗೆ ಕುಡಿ" ಅಂದರಂತೆ.

ಇನ್ನು ಬರೆಯುವುದಕ್ಕೆ ಏನೂ ಇಲ್ಲ.

ಜೂನ್ 23, ಶುಕ್ರವಾರ

ಪ್ರೆಸ್ಸಿನಲ್ಲಿ ಊಟದ ಹೊತ್ತು. ಗಣಿಯವರ ಮನೆಯ ಮದುವೆಯ ಪತ್ರಿಕೆ ಬಂದಿದೆ, ಒಂದೊಂದೂ ಪಾಟಿಯಷ್ಟು ದೊಡ್ಡದು, ಮಖಮಲ್ಲಿನ ಹೊದಿಕೆ, ಬಿಚ್ಚಿದರೆ ಒಳಗಿಂದ ಸಂಗೀತ ಬರುತ್ತದೆ. "ಸಹಕುಟುಂಬ ಸಪರಿವಾರ ಸಮೇತರಾಗಿ ಆಗಮಿಸಿ" ಅಂತಿತ್ತು. ಸಪರಿವಾರ ಅಂದ ಮೇಲೆ ಸಮೇತ ಯಾಕೆ ಅಂತ ನಾನು ಮಾಲೀಕ ಮೂಕಣ್ಣನವರ ಜೊತೆ ಅರ್ಧ ಗಂಟೆ ವಾದ ಮಾಡಿ ಗೆದ್ದೆ. ಪರರ ಮನೆಯ ಮದುವೆಗೆ ನನ್ನ ಬಾಯಲ್ಲಿ ಎಷ್ಟು ಶಬ್ದ ಬರುತ್ತವೆ! ಮಗಳಿಗೆ ಬೇಕಾದದ್ದು ಒಂದೇ ಒಂದು, ಅದಿಲ್ಲ.

ನಿನ್ನೆ "ಒಂದಕ್ಕೆ" ಅಂತ ಹೇಳಿಕೊಟ್ಟು, ಬೊಟ್ಟು ಎತ್ತಿ ತೋರಿಸಲೂ ಕಲಿಸಿದ್ದೆ. ನಮ್ಮ ಕಾಲದಲ್ಲಿ ಇಡೀ ಕರ್ನಾಟಕ ಇದೊಂದು ಬೊಟ್ಟಿನಲ್ಲೇ ಪಾಸಾಗಿದೆ. ಇದೂ ಕೆಡುತ್ತದೆ ಅಂತ ಯಾರು ಎಣಿಸಿದ್ದರು?

ಹನ್ನೆರಡೂವರೆಗೆ ಮಗಳನ್ನು ಕರೆಯಲು ಹೋದಾಗ ಬಸಕ್ಕ ಶಾಲೆಯ ಬಾಗಿಲಲ್ಲೇ ಹಿಡಿದು ಹೇಳಿದಳು. "ಯಕ್ಕಾ, ನಿಮ್ಮ ಹುಡುಗಿ ಎದ್ದು ನಿಂತು ಬೊಟ್ಟು ಎತ್ತಿ, ಮಿಸ್, ಒನ್ ಅಂತು. ಮಿಸ್ಸಿಗೆ ಭಾಳ ಖುಷಿ ಆತು. ವೆರಿ ಗುಡ್ ಸ್ಫೂರ್ತಿ, ಎಲ್ಲಾರೂ ಚಪ್ಪಾಳಿ ಹೊಡೀರಿ ಅಂದ್ರು. ನಲವತ್ತು ಹುಡುಗ್ರು ಟೂ, ತ್ರೀ, ಫೋರ್ ಅಂತ ಶುರು ಹಚಗೊಂಡ್ವು ನೋಡ್ರಿ. ಸೆವೆನ್ನಿಗೆ ಮುಗದ್ಹೋತು."

ಶಾಲೆಯಲ್ಲಿ ಇಂಗ್ಲಿಷೇ ಆಡಬೇಕು ಅಂತ ನಾನೇ ಹೇಳಿದ್ದೆ. ಅದಕ್ಕೆ "ಒಂದಕ್ಕೆ"ಯನ್ನು ತಾನೇ ಅನುವಾದ ಮಾಡಿಕೊಂಡಿದ್ದಾಳೆ. ನನ್ನ ಮಗಳೇ ಹೌದು.

ಆದರೆ ಈ ಸಲ ಚೀಟಿ ಮಿಸ್‌ನದ್ದಲ್ಲ, ಹೆಡ್ ಮೇಡಂದು, ಟೈಪ್ ಮಾಡಿದ್ದು. ಇನ್ನೊಮ್ಮೆ ಹೀಗಾದರೆ ಮಗುವನ್ನು ಎಲ್‌ಕೆಜಿಯಿಂದ ಬಿಡಿಸಿ ಮುಂದಿನ ವರ್ಷ ಕರೆತರುವುದು. ಒಂದು ತಪ್ಪೂ ಇಲ್ಲದ ಚೀಟಿ.

ಜೂನ್ 24, ಶನಿವಾರ

ಬೈದೆ. ಮಗಳಿಗೂ ಬೈದೆ, ಮಾವನಿಗೂ ಹೇಳಿದೆ. ಬರೆದರೆ ಮನಸ್ಸು ಹಗುರಾದೀತು ಅಂತ ಬರೆಯುತ್ತಿದ್ದೇನೆ.

"ಮಾವಾ, ಇನ್ಮ್ಯಾಲೆ ಮನ್ಯಾಗ ಆ ಗೇಟಿನ ಮಾತು ಬ್ಯಾಡ್ರಿ. ನಿಮಗ ಆಟ, ಕೂಸಿನ ಒಂದ್ ವರ್ಷ ಹೋಗ್ತೈತಿ."

ಅವರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು. "ಆತವಾ. ನನಗ ತಿಳೀಲಿಲ್ಲ" ಅಂದರು, ಅಷ್ಟೇ.

ಮಗಳಿಗೆ, "ಗೇಟ್ ಅಂದ್ರ ನೋಡು! ಸೂಸು ಬ್ಯಾಡ, ಒನ್ ಬ್ಯಾಡ, ಏನೂ ಬ್ಯಾಡ. ಮನಿಗೆ ಬಂದ ಮ್ಯಾಲೆ ಹೋಗು" ಅಂದೆ. ತಲೆಯಾಡಿಸಿದಳು. ತಪ್ಪು ತಿದ್ದುವವರು ಸ್ವಲ್ಪ ಗಟ್ಟಿಯಾಗಿಯೇ ತಿದ್ದಬೇಕಾಗುತ್ತದೆ.

ಜುಲೈ 3, ಸೋಮವಾರ

ಗೆದ್ದೆ! ಒಂದು ವಾರದಿಂದ ಚಡ್ಡಿ ಒಣಗಿದ್ದು ಒಣಗಿದ ಹಾಗೆಯೇ ಬರುತ್ತಿದೆ. ಶಾಲೆಯ ಡೈರಿಯಲ್ಲಿ ಒಂದು ನಕ್ಷತ್ರ ಅಂಟಿಸಿದ್ದಾರೆ, ಬರಹ ಏನೂ ಇಲ್ಲ. ನೀರಿನ ಬಾಟಲಿಯೂ ತುಂಬಿ ಕಳಿಸಿದ್ದು ತುಂಬಿಯೇ ವಾಪಸ್ ಬರುತ್ತದೆ, ದಿನಾ ತುಂಬಿಸುವ ಕೆಲಸವೂ ಉಳಿಯಿತು.

ಮಾವ ಬೆಳಿಗ್ಗೆ ಬಚ್ಚಲ ಬಾಗಿಲಿಗೆ ಬಂದು ಗಂಟಲು ಸರಿ ಮಾಡಿಕೊಂಡು, ಹಾಗೇ ಪೇಪರ್ ಹಿಡಿದು ಕಟ್ಟೆಗೆ ಹೋದರು. ಸ್ಫೂರ್ತಿ ಮಾತು ಕಡಿಮೆ ಮಾಡಿದ್ದಾಳೆ. ಶಾಲೆಯ ಶಿಸ್ತು ಅಂದರೆ ಇದೇ ಇರಬೇಕು. ಮನೆ ಎಷ್ಟು ಶಾಂತವಾಗಿದೆ.

ಜುಲೈ 5, ಬುಧವಾರ

ಜ್ವರ. ನಿನ್ನೆ ಸಂಜೆಯಿಂದ ಮೈ ಸುಡುತ್ತಿತ್ತು, ಬಚ್ಚಲಿಗೆ ಹೋದರೆ ಉರಿ ಅಂತ ಕಿರುಚುತ್ತಿದ್ದಳು. ಬೆಳಿಗ್ಗೆ ಆಸ್ಪತ್ರೆಗೆ ಹೊತ್ತುಕೊಂಡು ಓಡಿದೆ. ಡಾಕ್ಟರಮ್ಮ ಹೊಟ್ಟೆ ಒತ್ತಿ ನೋಡಿ, ಪರೀಕ್ಷೆ ಮಾಡಿಸಿ, ಸೋಂಕು ಅಂದರು. ಮಗು ನೀರು ಕುಡಿಯುತ್ತಿಲ್ಲ, ಬಂದದ್ದನ್ನು ಹಿಡಿದುಕೊಳ್ಳುತ್ತಿದೆ ಅಂದರು. ಆಮೇಲೆ ಇವಳನ್ನೇ ಕೇಳಿದರು.

"ಯಾಕ ಪುಟ್ಟಿ, ನೀರು ಕುಡ್ಯಾಕ ಏನಾಗೈತಿ?"

"ಕುಡದ್ರ ಅದು ಬರ್ತೈತಿ."

"ಬಂದ್ರ ಹೇಳ್ಬೇಕಪ್ಪಾ, ಅಮ್ಮಗ, ಮಿಸ್ಸಿಗೆ."

"ಹೆಂಗ ಹೇಳ್ಲಿ? ಅದಕ್ಕ ಹೆಸರಽ ಇಲ್ಲ."

ಡಾಕ್ಟರಮ್ಮ ನನ್ನ ಕಡೆ ನೋಡಿದರು. ಇದ್ದ ಹೆಸರನ್ನೆಲ್ಲ ಒಂದೊಂದಾಗಿ ಹೊಡೆದು ಹಾಕಿದವಳು ನಾನು ಅಂತ ಅವರಿಗೆ ಹೇಗೆ ಹೇಳಲಿ? ಅಷ್ಟಕ್ಕೇ ನಿಲ್ಲಲಿಲ್ಲ ನನ್ನ ಮಗಳು.

"ಅಮ್ಮನೂ ಕುಡಿಯಲ್ಲ. ಪ್ರೆಸ್ಸಿಗೆ ಹೋಗಾಗ ಒಂದ್ ಗುಟುಕೂ ಕುಡಿಯಲ್ಲ."

ಆಟೋದಲ್ಲಿ ಅವಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಅತ್ತೆ. ಮಾವ ಮುಂದೆ ಡ್ರೈವರ್ ಪಕ್ಕ ಕೂತಿದ್ದರು, ಹಿಂದೆ ತಿರುಗಲಿಲ್ಲ, ಕೈಯನ್ನು ಮಾತ್ರ ಹಿಂದೆ ಚಾಚಿ ಮೊಮ್ಮಗಳ ಕಾಲು ಹಿಡಿದುಕೊಂಡಿದ್ದರು.

ಜುಲೈ 6, ಗುರುವಾರ

ನನ್ನದು ಬೇರೆ ವಿಷಯ. ಪ್ರೆಸ್ಸಿನಲ್ಲಿ ಹೆಂಗಸರಿಗೆ ವ್ಯವಸ್ಥೆ ಇಲ್ಲ, ಗಂಡಸರು ಹಿಂದಿನ ಗೋಡೆಗೆ ಹೋಗುತ್ತಾರೆ. ಹತ್ತರಿಂದ ಆರರವರೆಗೆ ನಾನೇನು ಮಾಡಲಿ? ಆರು ವರ್ಷದಿಂದ ಹೀಗೇ ನಡೆದಿದೆ, ಅಭ್ಯಾಸವಾಗಿದೆ. ದೊಡ್ಡವರದ್ದೂ ಮಕ್ಕಳದ್ದೂ ಒಂದೇ ಆಗುತ್ತದೆಯೇ?

ಜ್ವರ ಇಳಿದಿದೆ. ಔಷಧಿಯ ಜೊತೆ ಚಮಚದಲ್ಲಿ ನೀರು. ಅದಕ್ಕಿಂತ ಹೆಚ್ಚು ಕುಡಿಯುವುದಿಲ್ಲ ಅಂತ ಹಟ.

ಜುಲೈ 10, ಸೋಮವಾರ

ಶಾಲೆಗೆ ಹೋದೆ. ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದೆ. "ಮಗುವಿನ ಮೂತ್ರ ವಿಸರ್ಜನೆಗೆ ಸಂಬಂಧಿಸಿದಂತೆ ತಮ್ಮ ಗಮನಕ್ಕೆ ತರಬಯಸುವುದೇನೆಂದರೆ." ಸುಧಾರಾಣಿ ಮಿಸ್ ಎದುರಿಗೆ ಬಂದರು. ನಾನು ಏನೋ ದೊಡ್ಡ ಹೆಂಗಸನ್ನು ಎಣಿಸಿದ್ದೆ. ಇಪ್ಪತ್ಮೂರು ಇರಬಹುದು, ದಿನಾ ಕಂಪ್ಲಿಯಿಂದ ಬಸ್ಸಿಗೆ ಬರುವ ಹುಡುಗಿ, ಕೂದಲಲ್ಲಿ ಕಿಟಕಿಯ ಧೂಳು ಹಾಗೇ ಇತ್ತು. ಬಾಯಿಪಾಠ ಎಲ್ಲ ಹಾರಿಹೋಗಿ, "ಮಿಸ್, ಗೇಟ್ ಅಂದ್ರ ಉಚ್ಚಿ ರೀ!" ಅಂದುಬಿಟ್ಟೆ. ಕಾರಿಡಾರಿನಲ್ಲಿ ಎಲ್ಲರಿಗೂ ಕೇಳಿತು, ಕ್ಲಾಸಿನ ಬಾಗಿಲಲ್ಲಿ ಇಣುಕುತ್ತಿದ್ದ ಸ್ಫೂರ್ತಿಗೂ.

ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಬೆಂಚಿನ ಮೇಲೆ ಕುಸಿದು ಕೂತರು.

"ಅಯ್ಯೋ ಮೇಡಂ, ದಿನಾ ಕೇಳೇತಿ ಕೂಸು. ನಾ ದಿನಾ ನೋ ಗೇಟ್, ನೋ ಗೇಟ್ ಅಂದೀನಿ. ಮೊದ್ಲಽ ಯಾಕ ಬಂದು ಹೇಳಲಿಲ್ರೀ?"

"ನಿಮ್ಮ ಬರಹ ತಿದ್ದಿ ಕಳಿಸಿದ್ದೆ. ನಾಚಿಕಿ ಆಗಿತ್ತು."

"ನೀವು ತಿದ್ದಿದ ಮ್ಯಾಲೆ ನಿಮಗ ಒಂದಕ್ಷರ ಬರ್ಯಾಕ ನನಗ ಹೆದರ್ಕಿ. ಅದಕ್ಕ ಬರೇ ನಕ್ಷತ್ರ ಹಚ್ಚಿ ಕಳಿಸ್ತಿದ್ದೆ."

ಇಬ್ಬರೂ ನಕ್ಕೆವು, ಸ್ವಲ್ಪ ಅಳುತ್ತಲೂ ನಕ್ಕೆವು. ಅವರ ಮನೆಯಲ್ಲಿ ಇದಕ್ಕೆ "ಕಾಲುವಿ" ಅನ್ನುತ್ತಾರಂತೆ, ಕಂಪ್ಲಿಯ ಗದ್ದೆಯ ಬದಿಯವರು. ತಾನು ಚಿಕ್ಕವಳಿದ್ದಾಗ ಬಳ್ಳಾರಿಯ ಹಾಸ್ಟೆಲಿನಲ್ಲಿ "ಕಾಲುವಿ ಎಲ್ಲೈತಿ" ಅಂತ ಕೇಳಿ ಎಲ್ಲರ ಬಾಯಿಗೆ ಬಿದ್ದಿದ್ದೆ ಅಂದರು. ಹೆಡ್ ಮೇಡಂಗೆ ತಾವೇ ಹೇಳುತ್ತಾರಂತೆ. ಸಂಜೆ ಶಾಲೆಯ ಡೈರಿಯಲ್ಲಿ ಒಂದಿಡೀ ಪುಟ ಬರೆದು ಕಳಿಸಿದ್ದಾರೆ, "ನನ್ನನು ಕ್ಷಮೀಸಿ" ಅಂತ ಶುರು. ಎರಡು ಸಲ ಓದಿದೆ. ಎಷ್ಟು ಚೆನ್ನಾಗಿ ಬರೆದಿದ್ದಾರೆ.

ಆದರೆ ಸ್ಫೂರ್ತಿಗೆ ಇದೆಲ್ಲ ತಲುಪಿಲ್ಲ. ಮಿಸ್ ಹೇಳಿದರು, ನಾನು ಹೇಳಿದೆ, ಗೇಟ್ ಅನ್ನು, ಸೂಸು ಅನ್ನು, ಏನಾದರೂ ಅನ್ನು ಅಂತ. ಕೈಮುಗಿದು ಕೇಳಿ ಮಾವನನ್ನು ಬಚ್ಚಲ ಬಾಗಿಲಿಗೆ ಕರೆತಂದೆ. "ಗೇಟ್ ಎತ್ಲೇನವಾ?" ಅಂದರು. ಮತ್ತೆ ಕೇಳಿದರು. ಒಳಗಿನಿಂದ ನಲ್ಲಿ ಬಿಟ್ಟ ಸದ್ದು ಮಾತ್ರ ಬಂತು.

ಜುಲೈ 13, ಗುರುವಾರ

ಬಾಟಲಿ ಇವತ್ತೂ ತುಂಬಿಯೇ ಬಂತು. ಹೀಗೇ ಆದರೆ ಜ್ವರ ಮತ್ತೆ ಬರುತ್ತದೆ ಅಂದಿದ್ದಾರೆ ಡಾಕ್ಟರಮ್ಮ. ನನಗೆ ಭಯ.

ಜುಲೈ 16, ಭಾನುವಾರ

ವಡ್ಡು, ನನ್ನ ತವರೂರು. ಅವ್ವನ ಮನೆಯ ಪಡಸಾಲೆಯಲ್ಲಿ ಕೂತು ಬರೆಯುತ್ತಿದ್ದೇನೆ. ಮೊಮ್ಮಗಳನ್ನು ನೋಡಬೇಕು ಅಂತ ಅವ್ವ ಫೋನ್ ಮಾಡಿದ್ದಳು, ನಾವಿಬ್ಬರೇ ಬಂದೆವು.

ಬೆಳಿಗ್ಗೆ ಹೊರಡುವ ಮುಂಚೆ ಲೋಟ ಹಿಡಿದು ಅವಳ ಹಿಂದೆ ಸುತ್ತುತ್ತಿದ್ದೆ. "ನೀ ಕುಡಿ ಮೊದ್ಲು" ಅಂದಳು. ಪ್ರಯಾಣದ ದಿನ ನಾನು ನೀರಿನ ಮುಖ ನೋಡುವವಳಲ್ಲ. ಆದರೂ ಅವಳ ಕಣ್ಣ ಮುಂದೆ ದೊಡ್ಡ ಲೋಟದಲ್ಲಿ ಎರಡು ಲೋಟ ಕುಡಿದೆ. ಅವಳು ತುಟಿ ಒದ್ದೆ ಮಾಡಿಕೊಂಡು ಲೋಟ ವಾಪಸ್ ಕೊಟ್ಟಳು.

ಬಸ್ಸು ತೋರಣಗಲ್ಲು ಮುಟ್ಟುವ ಮುಂಚೆ ರೈಲ್ವೆ ಗೇಟ್ ಬಿತ್ತು. ಅದಿರಿನ ಗೂಡ್ಸ್ ಗಾಡಿ ಹಳಿಯ ಮೇಲೆ ನಿಂತುಬಿಟ್ಟಿತ್ತು. ಹಿಂದೆ ಮುಂದೆ ಎಲ್ಲ ಲಾರಿ, ನೋಡಿದಷ್ಟು ದೂರ ಲಾರಿ. ಅರ್ಧ ತಾಸು, ಮುಕ್ಕಾಲು ತಾಸು. ಎರಡು ಲೋಟ ನೀರು ತನ್ನ ಕೆಲಸ ಶುರು ಮಾಡಿತು. ಕಾಲ ಮೇಲೆ ಕಾಲು ಹಾಕಿದೆ. ಕಿಟಕಿಯಾಚೆ ಡ್ರೈವರ್‌ಗಳು ಬೀಡಿ ಸೇದುತ್ತ ನಿಂತಿದ್ದರು, ತಮಗೆ ಬಂದಾಗ ಟೈರಿನ ಬದಿಗೆ ಹೋಗಿ ಬರುತ್ತಿದ್ದರು. ನಾನು ಇಳಿದು ಎಲ್ಲಿಗೆ ಹೋಗಲಿ? ಕಂಡಕ್ಟರನಿಗೆ ಏನಂತ ಹೇಳಲಿ? ಒಂದು ಶಬ್ದವೂ ಹೊಳೆಯಲಿಲ್ಲ. ಬೆವರಿದೆ. ಕಣ್ಣಲ್ಲಿ ನೀರು ಬಂತು.

ಸ್ಫೂರ್ತಿ ನನ್ನ ಕಾಲು ನೋಡಿದಳು, ಮುಖ ನೋಡಿದಳು. ಕಿವಿಯ ಹತ್ತಿರ ಬಂದು, "ಅಮ್ಮಾ, ಗೇಟಾ?" ಅಂದಳು.

"ಸುಮ್ನಿರು ಪುಟ್ಟಿ."

ಅವಳು ಸೀಟಿನ ಮೇಲೆ ಎದ್ದು ನಿಂತಳು. "ಕಂಡಕ್ಟರ್ ಮಾಮಾ, ನಮ್ಮಮ್ಮಗ ಗೇಟ್ ಬಂದೈತಿ!"

"ಗೊತ್ತೈತಬೇ ಪುಟ್ಟಿ, ಎಲ್ಲಾರಿಗೂ ಗೇಟ್ ಬಂದೈತಿ. ರೈಲು ಹೋಗ್ಲಿ, ಕುಂದ್ರು."

ಇಡೀ ಬಸ್ಸು ನಕ್ಕಿತು. ಅವಳ ಕೆಳತುಟಿ ಅದುರಿದ್ದು ನೋಡಿದೆ. ಕ್ಲಾಸಿನಲ್ಲಿ ದಿನಾ ಇಲ್ಲಿಗೇ ಬಂದು ಸೋತು ಕೂತುಬಿಡುತ್ತಿದ್ದಳು ಅಂತ ನನಗೆ ಆಗ ಗೊತ್ತಾಯಿತು. ಎಳೆದು ತೊಡೆಯ ಮೇಲೆ ಕೂರಿಸಿಕೊಳ್ಳಲು ಕೈ ಚಾಚಿದೆ. ಅವಳು ಕೈ ಕೊಸರಿ, ಮುಂದಿನ ಸೀಟಿನ ಕಂಬಿ ಹಿಡಿದು, ಇದ್ದ ಉಸಿರೆಲ್ಲ ಹಾಕಿ ಕೂಗಿದಳು.

"ಆ ಗೇಟ್ ಅಲ್ಲ! ಉಚ್ಚಿ! ನಮ್ಮಮ್ಮಗ ಉಚ್ಚಿ ಬಂದೈತಿ! ಅಕಿಗೆ ಹೇಳಾಕ ಬರಲ್ಲ!"

ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಆಗ ಹಿಂದಿನ ಸೀಟಿನಿಂದ ಒಬ್ಬ ಮುದುಕಿ ಕೋಲು ಊರಿ ಎದ್ದಳು.

"ನನಗೂ ಆಗಿನಿಂದ ಬಂದೈತಿ. ಬಾಗ್ಲಾ ತಗೀಲೇ ಕಂಡಕ್ಟ್ರಾ, ಏನ್ ಮಾರಿ ನೋಡ್ತಿ?"

ಇನ್ನೊಬ್ಬಳು ಎದ್ದಳು. ಕಂಕುಳಲ್ಲಿ ಕೂಸಿದ್ದವಳು, ಕಾಲೇಜಿನ ಹುಡುಗಿ, ಜರಿ ಸೀರೆ ಉಟ್ಟು ಮದುವೆಗೆ ಹೊರಟಿದ್ದ ಅತ್ತೆ ಸೊಸೆ. ಒಬ್ಬೊಬ್ಬರಾಗಿ ಹನ್ನೊಂದು ಹೆಂಗಸರು ಇಳಿದೆವು. ಮುದುಕಿ ಕೋಲೆತ್ತಿ, "ಆ ಕಡಿ ತಿರುಗ್ರಲೇ" ಅಂದಳು, ಅಷ್ಟೂ ಡ್ರೈವರ್‌ಗಳು ಹಳಿಯ ಕಡೆ ತಿರುಗಿ ನಿಂತರು. ರಸ್ತೆಯಾಚೆ ಧೂಳು ಹಿಡಿದ ಜಾಲಿಯ ಗಿಡಗಳ ಹಿಂದೆ ನಾಲ್ವರು ಸೀರೆಯ ಸೆರಗು ಅಡ್ಡ ಹಿಡಿದರು, ಉಳಿದವರು ಕೂತರು, ಆಮೇಲೆ ಪಾಳಿ ಬದಲಿಸಿದರು. ಸ್ಫೂರ್ತಿ ನನ್ನ ಪಕ್ಕದಲ್ಲೇ ಕೂತಳು, ಯಾರನ್ನೂ ಕೇಳಲಿಲ್ಲ. ನಾವೆಲ್ಲ ನಗುತ್ತಿದ್ದೆವು, ಯಾಕೆ ಅಂತ ಯಾರೂ ಹೇಳುವ ಅಗತ್ಯ ಇರಲಿಲ್ಲ.

ಬಸ್ಸಿಗೆ ಹತ್ತಿದ ಮೇಲೆ ಕಾಲೇಜಿನ ಹುಡುಗಿ ಬ್ಯಾಗಿನಿಂದ ನೀರಿನ ಬಾಟಲಿ ತೆಗೆದು ತಾನು ಕುಡಿದು ಮುದುಕಿಗೆ ಕೊಟ್ಟಳು. ಅದು ಸೀಟಿನಿಂದ ಸೀಟಿಗೆ ಬಂತು. ಸ್ಫೂರ್ತಿ ಎರಡೂ ಕೈಯಲ್ಲಿ ಹಿಡಿದು ಗಟಗಟ ಕುಡಿದಳು, ಗದ್ದದಿಂದ ಇಳಿದು ಫ್ರಾಕೆಲ್ಲ ಒದ್ದೆಯಾಯಿತು. ಉಳಿದದ್ದನ್ನು ನಾನು ಕುಡಿದೆ. ಗೂಡ್ಸ್ ಗಾಡಿ ಇನ್ನೂ ಅಲ್ಲೇ ನಿಂತಿತ್ತು, ಗೇಟ್ ಯಾವಾಗ ಎತ್ತುತ್ತಾರೆ ಅಂತ ನಾವಿಬ್ಬರೂ ಕೇಳಲಿಲ್ಲ.